ನ್ಯಾಸ್‌ನಲ್ಲಿ ಹಂಚಿಕೊಂಡ ಥಂಡರ್‌ಬರ್ಡ್ ಅಡ್ರೆಸ್ ಬುಕ್: ಅಳಿಸಿಹೋದ ಹೆಸರುಗಳನ್ನು ಉಳಿಸಿಕೊಳ್ಳಿ, ಮತ್ತೆ ಹಾಗಾಗದಂತೆ ಮಾಡಿ

ನಾಲ್ಕೈದು ಕಂಪ್ಯೂಟರ್ ಇರುವ ಸಣ್ಣ ಆಫೀಸುಗಳಲ್ಲಿ ಈ ತೊಂದರೆ ಜಾಸ್ತಿ. ಎಲ್ಲರಿಗೂ ಒಂದೇ ವಿಳಾಸ ಪಟ್ಟಿ ಬೇಕು. ಆಫೀಸಿನಲ್ಲಿ ಹೇಗೂ ನ್ಯಾಸ್, ಅಂದರೆ ಎಲ್ಲ ಕಂಪ್ಯೂಟರುಗಳೂ ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕಿನ ಡಬ್ಬಿ, ಇದೆ. ಹಾಗಾಗಿ ಯಾರೋ ಥಂಡರ್‌ಬರ್ಡ್ ಎಂಬ ಇಮೇಲ್ ಪ್ರೋಗ್ರಾಂನ ಪ್ರೊಫೈಲ್ ಫೋಲ್ಡರನ್ನೇ (ಮೇಲ್, ವಿಳಾಸ, ಸೆಟ್ಟಿಂಗ್ ಎಲ್ಲ ಇರುವ ಫೋಲ್ಡರ್) ಅದರೊಳಗೆ ಹಾಕಿ, ಎಲ್ಲ ಕಂಪ್ಯೂಟರುಗಳೂ ಅದನ್ನೇ ತೆರೆಯುವಂತೆ ಮಾಡಿರುತ್ತಾರೆ. ಕೆಲವು ದಿನ ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ನಿನ್ನೆ ಸೇರಿಸಿದ ಹೆಸರು ಇವತ್ತು ಕಾಣುವುದಿಲ್ಲ. ತಿದ್ದಿದ ಫೋನ್ ನಂಬರ್ ಮತ್ತೆ ಹಳೆಯದಾಗಿರುತ್ತದೆ. ಕೊನೆಗೊಂದು ದಿನ ಇಡೀ ಪಟ್ಟಿಯೇ ಖಾಲಿ.

ಇದರಲ್ಲಿ ನಿಮ್ಮ ನ್ಯಾಸ್ ಕೆಟ್ಟಿಲ್ಲ. ಥಂಡರ್‌ಬರ್ಡ್ ಕೂಡ ಕೆಟ್ಟಿಲ್ಲ. ಆ ಅಡ್ರೆಸ್ ಬುಕ್ ಫೈಲು ಒಂದು ಸಲಕ್ಕೆ ಒಂದು ಕಂಪ್ಯೂಟರಿನಿಂದ ಮಾತ್ರ ಬಳಸಲು ಮಾಡಿದ್ದು. ಅದನ್ನು ಇಬ್ಬರು ಒಟ್ಟಿಗೆ ತೆರೆದರೆ ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಬರೆಯುತ್ತಾರೆ. ಹಂಚಿಕೊಳ್ಳಬೇಕಾದದ್ದು ಹೆಸರುಗಳನ್ನು, ಫೈಲನ್ನಲ್ಲ. ಅದಕ್ಕೆ ಬೇರೆಯೇ ದಾರಿ ಇದೆ, ಖರ್ಚೂ ಇಲ್ಲ. ಆದರೆ ಮೊದಲು ಕಳೆದುಹೋದದ್ದನ್ನು ನೋಡೋಣ.

ಮೊದಲು ಎಲ್ಲರೂ ಥಂಡರ್‌ಬರ್ಡ್ ಮುಚ್ಚಿ

ಬೇರೆ ಏನನ್ನಾದರೂ ಮುಟ್ಟುವ ಮುಂಚೆ ಎಲ್ಲ ಕಂಪ್ಯೂಟರುಗಳಲ್ಲೂ ಥಂಡರ್‌ಬರ್ಡ್ ಮುಚ್ಚಿಸಿ. ಫೋನ್ ಮಾಡಿ ಹೇಳುವುದಕ್ಕಿಂತ ಒಂದೊಂದು ಮೇಜಿಗೂ ಹೋಗಿ ನೋಡುವುದು ಒಳ್ಳೆಯದು. ಊಟಕ್ಕೆ ಹೋದವರ ಕಂಪ್ಯೂಟರಿನಲ್ಲಿ ಅದು ತೆರೆದೇ ಇರುತ್ತದೆ. ತೆರೆದಿರುವ ಪ್ರತಿ ಥಂಡರ್‌ಬರ್ಡ್ ಕೂಡ ಉಳಿದಿರುವ ಫೈಲಿನ ಮೇಲೆ ಮತ್ತೆ ಬರೆಯಬಹುದು.

ಮುಚ್ಚುವಾಗ ಒಂದು ಎಚ್ಚರ. ಯಾರದಾದರೂ ಪರದೆಯಲ್ಲಿ ಪೂರ್ತಿ ಪಟ್ಟಿ ಇನ್ನೂ ಕಾಣುತ್ತಿದ್ದರೆ ಅದನ್ನು ಸುಮ್ನೆ ಮುಚ್ಚಬೇಡಿ. ಅಡ್ರೆಸ್ ಬುಕ್ ತೆರೆದು, ಆ ಪಟ್ಟಿಯ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಎಕ್ಸ್‌ಪೋರ್ಟ್ ಆರಿಸಿ. ವಿಕಾರ್ಡ್ ರೂಪದಲ್ಲಿ (ವಿಳಾಸಗಳನ್ನು ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಒಯ್ಯುವ ಫೈಲು) ಆ ಕಂಪ್ಯೂಟರಿನ ಡೆಸ್ಕ್‌ಟಾಪ್‌ಗೆ ಉಳಿಸಿ. ಎಷ್ಟೋ ಸಲ ಈ ಒಂದು ಕೆಲಸದಲ್ಲೇ ಎಲ್ಲ ಹೆಸರೂ ವಾಪಸ್ ಸಿಗುತ್ತವೆ.

ಎಲ್ಲ ಮುಚ್ಚಿದ ಮೇಲೆ ನ್ಯಾಸ್‌ನಲ್ಲಿರುವ ಪ್ರೊಫೈಲ್ ಫೋಲ್ಡರನ್ನು ಪೂರ್ತಿಯಾಗಿ ಒಂದು ಕಂಪ್ಯೂಟರಿನ ಒಳಗಿನ ಡಿಸ್ಕಿಗೆ ಕಾಪಿ ಮಾಡಿ. ಫೋಲ್ಡರಿಗೆ ಇವತ್ತಿನ ತಾರೀಕಿನ ಹೆಸರು ಕೊಡಿ. ಮುಂದಿನ ಕೆಲಸವೆಲ್ಲ ಈ ಕಾಪಿಯ ಇನ್ನೊಂದು ಕಾಪಿಯ ಮೇಲೆ ನಡೆಯಲಿ. ಮೂಲ ಹಾಗೇ ಇರಲಿ.

ನಿಜವಾಗಿಯೂ ಅಳಿಸಿದೆಯಾ?

ಹೆಸರು ಕಾಣುತ್ತಿಲ್ಲ ಎಂದ ಮಾತ್ರಕ್ಕೆ ಅಳಿಸಿಹೋಗಿದೆ ಎಂದಲ್ಲ. ಮೂರು ಸಾಧ್ಯತೆಗಳನ್ನು ನೋಡಿಬಿಡಿ.

ಥಂಡರ್‌ಬರ್ಡ್ ಬೇರೆ ಪ್ರೊಫೈಲ್ ತೆರೆದಿರಬಹುದು. ಮತ್ತೆ ಇನ್‌ಸ್ಟಾಲ್ ಮಾಡಿದಾಗ, ಅಥವಾ ಬೇರೆ ಜಾಗಕ್ಕೆ ಇನ್‌ಸ್ಟಾಲ್ ಮಾಡಿದಾಗ, ಅದು ಕೆಲವೊಮ್ಮೆ ಹೊಸ ಪ್ರೊಫೈಲ್ ಮಾಡಿಕೊಳ್ಳುತ್ತದೆ. ಹಳೆಯದು ಪಕ್ಕದಲ್ಲೇ ಕೂತಿರುತ್ತದೆ. ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟಿಂಗ್ ಇನ್‌ಫರ್ಮೇಶನ್ ತೆರೆಯಿರಿ. ಅಲ್ಲಿ ಪ್ರೊಫೈಲ್ ಫೋಲ್ಡರ್ ಎಂಬ ಸಾಲಿನ ಎದುರು ಈಗ ಬಳಕೆಯಲ್ಲಿರುವ ಫೋಲ್ಡರ್ ಯಾವುದು ಎಂದು ಗೊತ್ತಾಗುತ್ತದೆ. ಇದನ್ನು ನೋಡಲು ಥಂಡರ್‌ಬರ್ಡ್ ತೆರೆಯಲೇಬೇಕು. ಆದ್ದರಿಂದ ಕಾಪಿ ಮಾಡಿಕೊಂಡ ಮೇಲೆಯೇ, ಒಂದೇ ಕಂಪ್ಯೂಟರಿನಲ್ಲಿ ನೋಡಿ.

ಹೆಸರು ಬೇರೆ ಪಟ್ಟಿಯಲ್ಲಿರಬಹುದು. ನೀವು ಯಾರಿಗಾದರೂ ಇಮೇಲ್ ಕಳಿಸಿದಾಗ ಅವರ ವಿಳಾಸ ತಾನಾಗಿಯೇ ‘ಕಲೆಕ್ಟೆಡ್ ಅಡ್ರೆಸಸ್’ ಪಟ್ಟಿಗೆ ಸೇರುತ್ತದೆ. ಅದು ಬೇರೆ ಫೈಲು. ‘ಪರ್ಸನಲ್ ಅಡ್ರೆಸ್ ಬುಕ್’ ಹಾಳಾದಾಗಲೂ ಇದು ಉಳಿದಿರುವುದುಂಟು. ಎಡಗಡೆ ‘ಆಲ್ ಅಡ್ರೆಸ್ ಬುಕ್ಸ್’ ಒತ್ತಿ ಹುಡುಕಿ.

ಕೊನೆಯದು, ನೆಟ್‌ವರ್ಕ್ ಡ್ರೈವ್ ಕನೆಕ್ಟ್ ಆಗಿದೆಯಾ ನೋಡಿ. ಆಗಿಲ್ಲದಿದ್ದರೆ ಪ್ರೊಫೈಲ್ ಲೋಡ್ ಮಾಡಲು ಆಗುತ್ತಿಲ್ಲ ಎಂಬ ಸಂದೇಶ ಬರುತ್ತದೆ. ಗಾಬರಿಯಲ್ಲಿ ಹೊಸ ಪ್ರೊಫೈಲ್ ಮಾಡಿಕೊಂಡವರಿಗೆ ಖಾಲಿ ಪಟ್ಟಿ ಕಾಣುವುದು ಸಹಜ.

ಫೈಲಿನ ಒಳಗೆ ಆಗುವುದೇನು

ಈ ಭಾಗ ಸ್ವಲ್ಪ ಉದ್ದ. ಆದರೆ ಇದು ಗೊತ್ತಿಲ್ಲದಿದ್ದರೆ ‘ಹಾಗೆ ಮಾಡಿದರೆ ಆಗುತ್ತಾ, ಹೀಗೆ ಮಾಡಿದರೆ ಆಗುತ್ತಾ’ ಎಂದು ಮತ್ತೆ ಅದೇ ಫೈಲನ್ನೇ ಹಂಚುವ ಹೊಸ ಹೊಸ ಉಪಾಯ ಹುಡುಕುತ್ತಲೇ ಇರುತ್ತೀರಿ.

ವಿಂಡೋಸ್‌ನಲ್ಲಿ ಥಂಡರ್‌ಬರ್ಡ್‌ನ ಪ್ರೊಫೈಲುಗಳು ‘ಆಪ್‌ಡೇಟಾ’ ಫೋಲ್ಡರಿನ ಒಳಗೆ ‘ರೋಮಿಂಗ್’, ಅದರೊಳಗೆ ‘ಥಂಡರ್‌ಬರ್ಡ್’, ಅದರೊಳಗೆ ‘ಪ್ರೊಫೈಲ್ಸ್’ನಲ್ಲಿ ಇರುತ್ತವೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ‘.ಥಂಡರ್‌ಬರ್ಡ್’ ಎಂಬ ಫೋಲ್ಡರ್. ನಿಮ್ಮ ಪ್ರೊಫೈಲ್ ಫೋಲ್ಡರಿನ ಒಳಗೆ ‘ಎಬುಕ್.ಎಸ್‌ಕ್ಯೂಲೈಟ್’ ಎಂಬ ಫೈಲು ಇದೆ. ಇಂಗ್ಲಿಷಿನಲ್ಲಿ ಎ ಅಕ್ಷರಕ್ಕೆ ಬುಕ್ ಅಂಟಿಸಿ ಬರೆದಿರುತ್ತಾರೆ. ಇದೇ ನಿಮ್ಮ ಪರ್ಸನಲ್ ಅಡ್ರೆಸ್ ಬುಕ್. ‘ಹಿಸ್ಟರಿ.ಎಸ್‌ಕ್ಯೂಲೈಟ್’ ಎಂಬುದು ಕಲೆಕ್ಟೆಡ್ ಅಡ್ರೆಸಸ್. ನೀವು ಬೇರೆ ಪಟ್ಟಿ ಮಾಡಿದ್ದರೆ ಎಬುಕ್-1, ಎಬುಕ್-2 ಎಂದು ಇನ್ನೂ ಕೆಲವು ಇರುತ್ತವೆ.

2020ರಲ್ಲಿ ಬಂದ 78ನೇ ಆವೃತ್ತಿಗೆ ಮುಂಚೆ ಇದು ‘ಎಬುಕ್.ಮ್ಯಾಬ್’ ಎಂಬ ಫೈಲಾಗಿತ್ತು. ಆಗ ಥಂಡರ್‌ಬರ್ಡ್ ಇಡೀ ಪಟ್ಟಿಯನ್ನು ಮೆಮೊರಿಗೆ ತೆಗೆದುಕೊಂಡು ಕೆಲಸ ಮಾಡುತ್ತಿತ್ತು. ಇದನ್ನು ಹೀಗೆ ಯೋಚಿಸಿ: ಆಫೀಸಿನ ವಿಳಾಸದ ರಿಜಿಸ್ಟರನ್ನು ಇಬ್ಬರು ಬೆಳಿಗ್ಗೆ ಜೆರಾಕ್ಸ್ ಮಾಡಿಕೊಂಡು ಹೋದರು. ಇಬ್ಬರೂ ತಮ್ಮ ತಮ್ಮ ಪ್ರತಿಯಲ್ಲಿ ಹೊಸ ಹೆಸರು ಬರೆದರು. ಸಂಜೆ ಒಬ್ಬರು ತಮ್ಮ ಪ್ರತಿಯನ್ನೇ ರಿಜಿಸ್ಟರ್ ಅಂತ ಇಟ್ಟು ಹೋದರು. ಆಮೇಲೆ ಬಂದವರು ಅದನ್ನು ತೆಗೆದುಹಾಕಿ ತಮ್ಮದನ್ನು ಇಟ್ಟರು. ಮೊದಲನೆಯವರು ಬರೆದ ಹೆಸರು ಹೋಯಿತು. ಯಾರೂ ಅಳಿಸಿಲ್ಲ, ಆದರೂ ಹೋಯಿತು.

ಈಗಿನ ಎಸ್‌ಕ್ಯೂಲೈಟ್ ಸಣ್ಣ ಡೇಟಾಬೇಸ್. ಒಂದೇ ಕಂಪ್ಯೂಟರಿನಲ್ಲಿ ಇದು ತುಂಬ ಗಟ್ಟಿ. ನಡುವೆ ಕರೆಂಟ್ ಹೋದರೂ ಸಾಮಾನ್ಯವಾಗಿ ಹಾಳಾಗುವುದಿಲ್ಲ. ಆದರೆ ಅದು ಎರಡು ವಿಷಯಗಳನ್ನು ನಂಬಿಕೊಂಡಿದೆ. ಒಂದು, ‘ನಾನು ಬರೆಯುತ್ತಿದ್ದೇನೆ, ಬೇರೆಯವರು ಕಾಯಿರಿ’ ಎಂದು ಹಾಕುವ ಬೀಗ ಸರಿಯಾಗಿ ಕೆಲಸ ಮಾಡಬೇಕು. ನೆಟ್‌ವರ್ಕ್ ಡ್ರೈವ್‌ಗಳಲ್ಲಿ ಈ ಬೀಗ ನಂಬುವಂಥದ್ದಲ್ಲ. ಒಂದು ಕಡೆ ವಿಂಡೋಸ್, ಇನ್ನೊಂದು ಕಡೆ ಲಿನಕ್ಸ್, ನಡುವೆ ಕಡಿದುಹೋಗುವ ವೈಫೈ ಇದ್ದರಂತೂ ಕೇಳಲೇಬೇಡಿ. ಎರಡು, ‘ವಾಲ್’ ಎಂಬ ಬರವಣಿಗೆ ಕ್ರಮ. ಬದಲಾವಣೆಗಳು ನೇರವಾಗಿ ಮುಖ್ಯ ಫೈಲಿಗೆ ಹೋಗುವುದಿಲ್ಲ. ಮೊದಲು ಪಕ್ಕದ ‘-ವಾಲ್’ ಫೈಲಿಗೆ ಹೋಗಿ, ಆಮೇಲೆ ಮುಖ್ಯ ಫೈಲಿಗೆ ಸೇರುತ್ತವೆ. ಇದರ ಲೆಕ್ಕ ಇಡಲು ‘-ಎಸ್‌ಎಚ್‌ಎಂ’ ಎಂಬ ಇನ್ನೊಂದು ಫೈಲನ್ನು ಎಲ್ಲರೂ ಒಂದೇ ಮೆಮೊರಿಯಲ್ಲಿ ನೋಡಬೇಕು. ಎರಡು ಕಂಪ್ಯೂಟರುಗಳಿಗೆ ಒಂದೇ ಮೆಮೊರಿ ಎಲ್ಲಿಂದ ಬರಬೇಕು? ನೆಟ್‌ವರ್ಕ್ ಡ್ರೈವ್‌ನಲ್ಲಿ ಈ ಕ್ರಮ ನಡೆಯುವುದಿಲ್ಲ ಎಂದು ಎಸ್‌ಕ್ಯೂಲೈಟ್ ಮಾಡಿದವರೇ ತಮ್ಮ ಕೈಪಿಡಿಯಲ್ಲಿ ನೇರವಾಗಿ ಬರೆದಿದ್ದಾರೆ. ಇದು ಸೆಟ್ಟಿಂಗ್ ಬದಲಿಸಿ ಸರಿಪಡಿಸುವ ವಿಷಯವೇ ಅಲ್ಲ.

ಥಂಡರ್‌ಬರ್ಡ್‌ಗೂ ತನ್ನದೇ ಕಾವಲು ಇದೆ. ವಿಂಡೋಸ್‌ನಲ್ಲಿ ಪ್ರೊಫೈಲ್ ತೆರೆದಾಗ ‘ಪೇರೆಂಟ್.ಲಾಕ್’ ಎಂಬ ಫೈಲನ್ನು ಹಿಡಿದುಕೊಳ್ಳುತ್ತದೆ. ಎರಡನೆಯವರು ತೆರೆದರೆ ‘ಆಗಲೇ ನಡೆಯುತ್ತಿದೆ, ಆದರೆ ಉತ್ತರ ಕೊಡುತ್ತಿಲ್ಲ’ ಎಂಬ ಸಂದೇಶ ತೋರಿಸುತ್ತದೆ. ಜನ ಇದನ್ನು ತೊಂದರೆ ಎಂದು ತಿಳಿದು ಆ ಫೈಲನ್ನೇ ಅಳಿಸಿ ಒಳಗೆ ಹೋಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಸಂದೇಶ ನಿಮ್ಮ ವಿಳಾಸಗಳನ್ನು ಕಾಯುತ್ತಿದೆ.

ಯಾರೂ ಬೇಕೆಂದು ನ್ಯಾಸ್‌ಗೆ ಹಾಕದಿದ್ದರೂ ಇದೇ ತೊಂದರೆ ಬರುವ ಎರಡು ಸಂದರ್ಭಗಳಿವೆ.

ಒಂದು, ವಿಂಡೋಸ್ ರೋಮಿಂಗ್ ಪ್ರೊಫೈಲ್. ಕಾಲೇಜು, ದೊಡ್ಡ ಆಫೀಸುಗಳಲ್ಲಿ ಯಾವ ಕಂಪ್ಯೂಟರಿನಲ್ಲಿ ಕೂತರೂ ನಿಮ್ಮದೇ ಡೆಸ್ಕ್‌ಟಾಪ್ ಬರುತ್ತದಲ್ಲ, ಅದು. ಲಾಗಿನ್ ಆದಾಗ ಸರ್ವರಿನಿಂದ ಫೈಲುಗಳು ಕಂಪ್ಯೂಟರಿಗೆ ಬರುತ್ತವೆ, ಲಾಗೌಟ್ ಆದಾಗ ವಾಪಸ್ ಹೋಗುತ್ತವೆ. ಥಂಡರ್‌ಬರ್ಡ್ ಫೋಲ್ಡರು ಇರುವುದೇ ‘ರೋಮಿಂಗ್’ ಒಳಗೆ. ಹಾಗಾಗಿ ಒಂದೇ ಹೆಸರಿನಲ್ಲಿ ಎರಡು ಕಂಪ್ಯೂಟರಿಗೆ ಲಾಗಿನ್ ಆಗಿದ್ದರೆ, ಒಂದು ಕಂಪ್ಯೂಟರಿನ ಫೈಲು ಇನ್ನೊಂದರ ಫೈಲನ್ನು ಮುಚ್ಚಿಹಾಕಬಹುದು. ಇದಕ್ಕೆ ಪರಿಹಾರ ನಿಮ್ಮ ಸಿಸ್ಟಂ ಅಡ್ಮಿನ್ ಕೈಯಲ್ಲಿದೆ: ಗ್ರೂಪ್ ಪಾಲಿಸಿಯಲ್ಲಿ ಥಂಡರ್‌ಬರ್ಡ್ ಫೋಲ್ಡರನ್ನು ರೋಮಿಂಗ್‌ನಿಂದ ಹೊರಗಿಡಬಹುದು. ಅವರಿಗೆ ಹೀಗೇ ಹೇಳಿ, ಅರ್ಥವಾಗುತ್ತದೆ.

ಇನ್ನೊಂದು, ಡ್ರಾಪ್‌ಬಾಕ್ಸ್, ಒನ್‌ಡ್ರೈವ್, ಗೂಗಲ್ ಡ್ರೈವ್ ಥರದ ಸಿಂಕ್ ಫೋಲ್ಡರಿನಲ್ಲಿ ಪ್ರೊಫೈಲ್ ಇಡುವುದು. ಇವು ಫೈಲನ್ನು ಫೈಲಾಗಿಯೇ ನೋಡುತ್ತವೆ. ಒಳಗಿರುವ ಹೆಸರುಗಳನ್ನು ಒಂದೊಂದಾಗಿ ಕೂಡಿಸಲು ಅವಕ್ಕೆ ಬರುವುದಿಲ್ಲ. ಮುಖ್ಯ ಫೈಲು ಒಂದು ಹೊತ್ತಿನದು, ವಾಲ್ ಫೈಲು ಇನ್ನೊಂದು ಹೊತ್ತಿನದು ಬಂದರೆ ಡೇಟಾಬೇಸ್ ಹಾಳು.

ಹಳೆಯ ಹೆಸರುಗಳನ್ನು ವಾಪಸ್ ತರುವುದು

ನ್ಯಾಸ್‌ನಲ್ಲಿ ಸ್ನ್ಯಾಪ್‌ಶಾಟ್ (ಆಗಾಗ ಫೈಲುಗಳ ಆ ಹೊತ್ತಿನ ಸ್ಥಿತಿಯನ್ನು ತಾನಾಗಿ ಉಳಿಸಿಡುವುದು) ಆನ್ ಆಗಿದ್ದರೆ ಅರ್ಧ ಕೆಲಸ ಮುಗಿಯಿತು. ನ್ಯಾಸ್‌ನ ಆಡಳಿತ ಪುಟಕ್ಕೆ ಹೋಗಿ ಸ್ನ್ಯಾಪ್‌ಶಾಟ್ ಪಟ್ಟಿ ನೋಡಿ. ವಿಂಡೋಸ್ ಸರ್ವರ್ ಆದರೆ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ‘ಪ್ರೀವಿಯಸ್ ವರ್ಷನ್ಸ್’ ನೋಡಿ. ಪಟ್ಟಿ ಚೆನ್ನಾಗಿದ್ದ ದಿನದ ಪ್ರೊಫೈಲ್ ಫೋಲ್ಡರನ್ನು ಇಡಿಯಾಗಿ ಬೇರೆ ಜಾಗಕ್ಕೆ ತೆಗೆದುಕೊಳ್ಳಿ. ಇರುವುದರ ಮೇಲೆ ರಿಸ್ಟೋರ್ ಮಾಡಬೇಡಿ. ಆ ದಿನದ ನಂತರ ಸೇರಿಸಿದ ಹೆಸರುಗಳೂ ನಿಮಗೆ ಬೇಕಲ್ವಾ?

ಸ್ನ್ಯಾಪ್‌ಶಾಟ್ ಇಲ್ಲದಿದ್ದರೆ ನ್ಯಾಸ್‌ನ ರಿಸೈಕಲ್ ಫೋಲ್ಡರ್ ನೋಡಿ. ಪ್ರೊಫೈಲನ್ನು ನ್ಯಾಸ್‌ಗೆ ಸಾಗಿಸುವ ಮುಂಚೆ ಅದು ಯಾವ ಕಂಪ್ಯೂಟರಿನಲ್ಲಿತ್ತೋ ಅಲ್ಲಿ ಹಳೆಯ ಫೋಲ್ಡರ್ ಉಳಿದಿರಬಹುದು. ಹಳೆಯ ಮ್ಯಾಬ್ ಫೈಲು 78ಕ್ಕೆ ಬದಲಾಗುವಾಗ ‘ಎಬುಕ್.ಮ್ಯಾಬ್.ಬ್ಯಾಕ್’ ಎಂಬ ಹೆಸರಿನಲ್ಲಿ ಪ್ರೊಫೈಲಿನಲ್ಲೇ ಉಳಿಯುತ್ತಿತ್ತು. ಹಳೆಯ ಪಟ್ಟಿಯಾದರೂ ಏನೂ ಇಲ್ಲದ್ದಕ್ಕಿಂತ ಮೇಲು.

ಸಿಕ್ಕ ಹಳೆಯ ಪ್ರೊಫೈಲಿನಿಂದ ಹೆಸರು ತೆಗೆಯುವ ಅತ್ಯಂತ ಭದ್ರವಾದ ದಾರಿ ಹೀಗಿದೆ. ಆ ಫೋಲ್ಡರಿನ ಕಾಪಿಯನ್ನು ಕಂಪ್ಯೂಟರಿನ ಒಳಗಿನ ಡಿಸ್ಕಿಗೆ ಹಾಕಿ. ಕಂಪ್ಯೂಟರಿನ ಇಂಟರ್ನೆಟ್ ತೆಗೆಯಿರಿ, ಇಲ್ಲದಿದ್ದರೆ ಮೇಲ್ ಡೌನ್‌ಲೋಡ್ ಶುರುವಾಗುತ್ತದೆ. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಬರುವ ಡಬ್ಬಿಯಲ್ಲಿ ಇಂಗ್ಲಿಷಿನಲ್ಲಿ ‘ಥಂಡರ್‌ಬರ್ಡ್.ಇಎಕ್ಸ್‌ಇ’ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು, ಅಡ್ಡಗೆರೆ ಮತ್ತು ದೊಡ್ಡ ಪಿ ಬರೆಯಿರಿ. ಪ್ರೊಫೈಲ್ ಮ್ಯಾನೇಜರ್ ತೆರೆಯುತ್ತದೆ. ಕ್ರಿಯೇಟ್ ಪ್ರೊಫೈಲ್ ಒತ್ತಿ, ‘ಚೂಸ್ ಫೋಲ್ಡರ್’ನಲ್ಲಿ ಆ ಕಾಪಿಯನ್ನು ತೋರಿಸಿ. ಈಗ ಹಳೆಯ ಅಡ್ರೆಸ್ ಬುಕ್ ತೆರೆಯುತ್ತದೆ. ಅಲ್ಲಿಂದ ವಿಕಾರ್ಡ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಹೀಗೆ ತೆರೆದರೆ ಪಕ್ಕದ ವಾಲ್ ಫೈಲಿನಲ್ಲಿ ಉಳಿದ ಹೆಸರುಗಳೂ ಬರುತ್ತವೆ. ಎಸ್‌ಕ್ಯೂಲೈಟ್ ಫೈಲನ್ನು ಮಾತ್ರ ಎತ್ತಿಕೊಂಡು ಬಂದರೆ ಅವು ತಪ್ಪಿಹೋಗಬಹುದು.

ಇಲ್ಲಿ ಎರಡು ಎಚ್ಚರ. ಒಂದು ದಿನದ ಎಸ್‌ಕ್ಯೂಲೈಟ್ ಫೈಲಿನ ಪಕ್ಕ ಇನ್ನೊಂದು ದಿನದ ವಾಲ್ ಫೈಲನ್ನು ಎಂದೂ ಇಡಬೇಡಿ. ಇನ್ನು ಪ್ರೊಫೈಲ್ ಮ್ಯಾನೇಜರಿನಲ್ಲಿ ‘ಡಿಲೀಟ್ ಪ್ರೊಫೈಲ್’ ಒತ್ತಿದರೆ ಫೈಲುಗಳನ್ನೂ ಅಳಿಸಬೇಕಾ ಎಂದು ಕೇಳುತ್ತದೆ. ‘ಡೋಂಟ್ ಡಿಲೀಟ್ ಫೈಲ್ಸ್’ ಆರಿಸಿ. ಬೇರೆಯದನ್ನು ಒತ್ತಿದರೆ ಇಷ್ಟು ಹೊತ್ತು ಹುಡುಕಿ ತಂದದ್ದೆಲ್ಲ ಹೋಗುತ್ತದೆ.

ಥಂಡರ್‌ಬರ್ಡ್‌ಗೆ ಫೈಲು ತೆರೆಯಲಾಗದಿದ್ದರೆ ‘ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್’ ಎಂಬ ಉಚಿತ ಪ್ರೋಗ್ರಾಂ ಹಾಕಿಕೊಳ್ಳಿ. ಅದರಲ್ಲಿ ಫೈಲಿನ ಕಾಪಿ ತೆರೆದು ‘ಪ್ರಾಪರ್ಟೀಸ್’ ಎಂಬ ಟೇಬಲ್ ನೋಡಿ. ಪ್ರತಿ ಹೆಸರು, ಇಮೇಲ್, ಫೋನ್ ಒಂದೊಂದು ಸಾಲಾಗಿ ಕಾಣುತ್ತದೆ. ಅದನ್ನು ಸಿಎಸ್‌ವಿ (ಎಕ್ಸೆಲ್ ಓದಬಲ್ಲ ಸರಳ ಪಟ್ಟಿ ಫೈಲು) ಮಾಡಿ ತೆಗೆದುಕೊಳ್ಳಬಹುದು. ಪೂರ್ತಿ ಹಾಳಾದ ಫೈಲಾದರೆ ಎಸ್‌ಕ್ಯೂಲೈಟ್‌ನ ಕಮಾಂಡ್ ಪ್ರೋಗ್ರಾಂನಲ್ಲಿ ‘.ರಿಕವರ್’ ಎಂಬ ಆಜ್ಞೆ ಇದೆ. ಓದಲು ಸಿಕ್ಕಷ್ಟನ್ನು ಅದು ಹೊರಗೆ ತೆಗೆಯುತ್ತದೆ. ಇದಕ್ಕೆ ಕಂಪ್ಯೂಟರ್ ಬಲ್ಲವರ ನೆರವು ತೆಗೆದುಕೊಳ್ಳಿ.

ಬೇರೆ ಬೇರೆ ಕಡೆಯಿಂದ ಸಿಕ್ಕ ವಿಕಾರ್ಡುಗಳನ್ನು ಒಂದೇ ಕಂಪ್ಯೂಟರಿನಲ್ಲಿ, ಒಂದೊಂದನ್ನೂ ಬೇರೆ ಅಡ್ರೆಸ್ ಬುಕ್ ಆಗಿ ಇಂಪೋರ್ಟ್ ಮಾಡಿ. ಟೂಲ್ಸ್ ಮೆನುವಿನಲ್ಲಿ ಇಂಪೋರ್ಟ್ ಇದೆ. ‘ಸ್ನ್ಯಾಪ್‌ಶಾಟ್’, ‘ರಿಸೆಪ್ಷನ್ ಕಂಪ್ಯೂಟರ್’, ‘ಅಕೌಂಟ್ಸ್ ಕಂಪ್ಯೂಟರ್’ ಎಂದು ಹೆಸರು ಕೊಟ್ಟುಕೊಂಡರೆ ಯಾವುದು ಎಲ್ಲಿಂದ ಬಂತು ಎಂದು ಗೊಂದಲ ಆಗುವುದಿಲ್ಲ. ಎಲ್ಲವನ್ನೂ ಕಣ್ಣಿಂದ ನೋಡಿ, ಎರಡೆರಡು ಸಲ ಇರುವುದನ್ನು ತೆಗೆದು, ಒಂದೇ ಶುದ್ಧ ಪಟ್ಟಿ ಮಾಡಿ. ಬೇಸರದ ಕೆಲಸ, ನಿಜ. ಆದರೆ ಇದನ್ನು ಈಗಲೇ ಮಾಡಿ. ಹಂಚಿಕೊಂಡ ಮೇಲೆ ಮಾಡುವುದು ಇನ್ನೂ ಕಷ್ಟ.

ಕನ್ನಡದ ಹೆಸರುಗಳಿದ್ದರೆ

ನಮ್ಮಲ್ಲಿ ಹಲವರು ಹೆಸರುಗಳನ್ನು ಕನ್ನಡದಲ್ಲೇ ಬರೆದಿರುತ್ತಾರೆ. ಸಿಎಸ್‌ವಿ ಆಗಿ ಎಕ್ಸ್‌ಪೋರ್ಟ್ ಮಾಡುವಾಗ ಎರಡು ಆಯ್ಕೆ ಕಾಣುತ್ತವೆ: ‘ಸಿಸ್ಟಂ ಚಾರ್‌ಸೆಟ್’ ಮತ್ತು ‘ಯುಟಿಎಫ್-8’. ಇವು ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ಎರಡು ರೀತಿ. ಯಾವಾಗಲೂ ಯುಟಿಎಫ್-8 ಆರಿಸಿ. ಮೊದಲನೆಯದನ್ನು ಆರಿಸಿದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಪ್ರಶ್ನೆ ಚಿಹ್ನೆ ಬರಬಹುದು. ಒಮ್ಮೆ ಹಾಗೆ ಉಳಿಸಿದ ಫೈಲಿನಿಂದ ಹೆಸರು ವಾಪಸ್ ಬರುವುದಿಲ್ಲ.

ಯುಟಿಎಫ್-8 ಫೈಲನ್ನೂ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಕನ್ನಡ ಗೀಚಿದ ಹಾಗೆ ಕಾಣುವುದುಂಟು. ಫೈಲು ಹಾಳಾಗಿಲ್ಲ, ಎಕ್ಸೆಲ್ ತಪ್ಪಾಗಿ ಓದುತ್ತಿದೆ ಅಷ್ಟೆ. ಉಳಿಸದೆ ಮುಚ್ಚಿ. ಎಕ್ಸೆಲ್‌ನ ಡೇಟಾ ಮೆನುವಿನಿಂದ ಸಿಎಸ್‌ವಿ ತೆರೆದು ಯುಟಿಎಫ್-8 ಎಂದು ತೋರಿಸಿ. ಲಿಬ್ರೆ ಆಫೀಸ್ ಆದರೆ ತೆರೆಯುವಾಗಲೇ ಕೇಳುತ್ತದೆ. ವಿಕಾರ್ಡ್‌ನಲ್ಲಿ ಈ ತಲೆನೋವು ಕಡಿಮೆ. ಅದಕ್ಕೇ ಮೇಲೆ ಎಲ್ಲ ಕಡೆ ವಿಕಾರ್ಡ್ ಎಂದೇ ಹೇಳಿದ್ದೇನೆ.

ಪ್ರತಿಯೊಬ್ಬರಿಗೂ ಅವರವರ ಪ್ರೊಫೈಲ್

ಈಗ ಪ್ರೊಫೈಲನ್ನು ನ್ಯಾಸ್‌ನಿಂದ ಹೊರಗೆ ತರಬೇಕು. ನಿಮ್ಮ ಇಮೇಲ್ ಐಮ್ಯಾಪ್ ಆಗಿದ್ದರೆ ಇದು ಸುಲಭ. ಮೇಲ್‌ಗಳೆಲ್ಲ ಸರ್ವರಿನಲ್ಲಿ ಇರುತ್ತವೆ. ಪ್ರತಿ ಕಂಪ್ಯೂಟರಿನಲ್ಲೂ ಪ್ರೊಫೈಲ್ ಮ್ಯಾನೇಜರ್ ತೆರೆದು ಹೊಸ ಪ್ರೊಫೈಲ್ ಮಾಡಿ. ಫೋಲ್ಡರ್ ಬದಲಿಸಬೇಡಿ, ಅದು ತೋರಿಸುವ ಜಾಗವೇ ಇರಲಿ. ಅಕೌಂಟ್ ಸೇರಿಸಿ. ಮೇಲ್‌ಗಳು ತಾವಾಗಿಯೇ ಬರುತ್ತವೆ. ‘ಲೋಕಲ್ ಫೋಲ್ಡರ್ಸ್’ನಲ್ಲಿ ಯಾರಾದರೂ ಮೇಲ್ ಇಟ್ಟಿದ್ದರೆ ಅವು ಮಾತ್ರ ಸರ್ವರಿನಲ್ಲಿ ಇರುವುದಿಲ್ಲ. ಅವನ್ನು ಬೇರೆಯಾಗಿ ತರಬೇಕು.

ಪಾಪ್ ಆಗಿದ್ದರೆ ಮೇಲ್‌ಗಳು ಪ್ರೊಫೈಲಿನ ಒಳಗೇ ಇರುತ್ತವೆ. ಆಗ ಇಡೀ ಪ್ರೊಫೈಲನ್ನು ಒಂದು ಕಂಪ್ಯೂಟರಿಗೆ ಕಾಪಿ ಮಾಡಿ, ಮೇಲೆ ಹೇಳಿದ ಹಾಗೆ ‘ಚೂಸ್ ಫೋಲ್ಡರ್’ನಲ್ಲಿ ತೋರಿಸಿ. ಆಮೇಲೆ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಸರ್ವರ್ ಸೆಟ್ಟಿಂಗ್ಸ್ ತೆರೆದು, ಕೆಳಗಿರುವ ‘ಲೋಕಲ್ ಡೈರೆಕ್ಟರಿ’ ನೋಡಿ. ಅಲ್ಲಿ ಹಳೆಯ ನ್ಯಾಸ್ ದಾರಿಯೇ ಉಳಿದಿರಬಹುದು. ಬದಲಿಸಿ. ಒಂದೇ ಪಾಪ್ ಡಬ್ಬಿಯನ್ನು ಹಲವರು ಬಳಸುತ್ತಿದ್ದರೆ ಐಮ್ಯಾಪ್‌ಗೆ ಬದಲಾಗುವುದು ಒಳ್ಳೆಯದು. ಇಂದಲ್ಲ ನಾಳೆ ಮೇಲ್‌ಗಳ ವಿಷಯದಲ್ಲೂ ಇದೇ ಗೋಳು ಬರುತ್ತದೆ.

ಹೆಸರುಗಳನ್ನು ಹಂಚಿಕೊಳ್ಳುವ ಸರಿಯಾದ ದಾರಿ

ಇದರ ಹೆಸರು ಕಾರ್ಡ್‌ಡ್ಯಾವ್. ಇದರಲ್ಲಿ ಒಂದು ಸಣ್ಣ ಸರ್ವರ್ ಪ್ರೋಗ್ರಾಂ ಪಟ್ಟಿಯನ್ನು ಇಟ್ಟುಕೊಳ್ಳುತ್ತದೆ. ಎಲ್ಲರ ಥಂಡರ್‌ಬರ್ಡ್ ಅದನ್ನು ಕೇಳಿ ಪಡೆಯುತ್ತದೆ, ಅದಕ್ಕೇ ಹೇಳಿ ಬರೆಸುತ್ತದೆ. ಪ್ರತಿ ಹೆಸರೂ ಬೇರೆ ಬೇರೆ. ನೀವು ಒಂದು ಹೆಸರನ್ನು ತಿದ್ದುವಾಗ ಪಕ್ಕದವರು ಇನ್ನೊಂದನ್ನು ತಿದ್ದಿದರೆ ಎರಡೂ ಉಳಿಯುತ್ತವೆ. 2021ರ 91ನೇ ಆವೃತ್ತಿಯಿಂದ ಥಂಡರ್‌ಬರ್ಡ್‌ಗೆ ಇದು ಯಾವ ಆಡ್‌ಆನ್ ಇಲ್ಲದೆಯೇ ಬರುತ್ತದೆ. ಅದಕ್ಕಿಂತ ಹಳೆಯದಿದ್ದರೆ ಮೊದಲು ಎಲ್ಲ ಕಂಪ್ಯೂಟರುಗಳಲ್ಲೂ ಅಪ್‌ಡೇಟ್ ಮಾಡಿ.

ಸರ್ವರ್ ಎಲ್ಲಿಂದ ತರುವುದು? ನಿಮ್ಮ ನ್ಯಾಸ್‌ನ ಆಪ್ ಪಟ್ಟಿಯಲ್ಲಿ ಮೊದಲು ಹುಡುಕಿ. ಸಿನಾಲಜಿ ನ್ಯಾಸ್‌ಗೆ ‘ಸಿನಾಲಜಿ ಕಾಂಟ್ಯಾಕ್ಟ್ಸ್’ ಎಂಬ ಪ್ಯಾಕೇಜ್ ಇದೆ. ಆಫೀಸಿನಲ್ಲಿ ನೆಕ್ಸ್ಟ್‌ಕ್ಲೌಡ್ (ನಮ್ಮದೇ ಸರ್ವರಿನಲ್ಲಿ ಇಟ್ಟುಕೊಳ್ಳುವ ಕ್ಲೌಡ್ ಪ್ರೋಗ್ರಾಂ) ಇದ್ದರೆ ಅದರ ಕಾಂಟ್ಯಾಕ್ಟ್ಸ್ ಆಪ್ ಸಾಕು. ಎಲ್ಲರೂ ಒಂದು ಗೂಗಲ್ ಅಕೌಂಟ್ ಬಳಸುವುದಾದರೆ ಅದರ ಕಾಂಟ್ಯಾಕ್ಟುಗಳನ್ನೂ ಥಂಡರ್‌ಬರ್ಡ್ ಇದೇ ದಾರಿಯಲ್ಲಿ ತೆಗೆದುಕೊಳ್ಳುತ್ತದೆ. ಆದರೆ ಗ್ರಾಹಕರ, ರೋಗಿಗಳ, ವಿದ್ಯಾರ್ಥಿಗಳ ನಂಬರುಗಳು ಹೊರಗಿನ ಸರ್ವರಿಗೆ ಹೋಗುವುದು ಬೇಡ ಎಂದಿದ್ದರೆ ಒಳಗೇ ಇಟ್ಟುಕೊಳ್ಳಿ. ನನ್ನ ಮತ ಅದಕ್ಕೇ.

ಒಳಗೇ ಇಡಲು ಅತಿ ಹಗುರವಾದದ್ದು ರಾಡಿಕೇಲ್ ಎಂಬ ಉಚಿತ ಪ್ರೋಗ್ರಾಂ. ಪೈಥಾನ್‌ನಲ್ಲಿ ಬರೆದದ್ದು. ಹಳೆಯ ಕಂಪ್ಯೂಟರ್ ಅಥವಾ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೂ ನಡೆಯುತ್ತದೆ. ಪೈಥಾನ್‌ನ ‘ಪಿಪ್’ ಆಜ್ಞೆಯಿಂದ ಹಾಕಿಕೊಳ್ಳಬಹುದು. ಹಾಕಿದ ಮೇಲೆ ಅದರ ಕಾನ್ಫಿಗ್ ಫೈಲಿನಲ್ಲಿ ಮೂರು ಕೆಲಸ ಮಾಡಬೇಕು. ಮೊದಲಿಗೆ ಅದು ತನ್ನ ಕಂಪ್ಯೂಟರಿನ ಮಾತು ಮಾತ್ರ ಕೇಳುತ್ತದೆ, ಆಫೀಸಿನ ನೆಟ್‌ವರ್ಕ್‌ಗೂ ತೆರೆಯಿರಿ, ಪೋರ್ಟ್ (ಅದು ಕರೆ ಕೇಳುವ ಬಾಗಿಲಿನ ನಂಬರ್) 5232. ಎರಡನೆಯದು, ಪಾಸ್‌ವರ್ಡ್ ಫೈಲು ತೋರಿಸಿ. ಇದನ್ನು ಬಿಡಲೇಬೇಡಿ. ಮೂರನೆಯದು, ಹೆಸರುಗಳನ್ನು ಎಲ್ಲಿ ಇಡಬೇಕು ಎಂದು ಹೇಳಿ. ಇದು ಆ ಕಂಪ್ಯೂಟರಿನ ಒಳಗಿನ ಡಿಸ್ಕೇ ಆಗಿರಲಿ.

ರಾಡಿಕೇಲ್‌ನಲ್ಲಿ ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ನೋಡಲಾಗದಂತೆ ಮೊದಲಿಂದಲೇ ಕಟ್ಟು ಇರುತ್ತದೆ. ಸಣ್ಣ ಆಫೀಸಿಗೆ ಸುಲಭ ಉಪಾಯ, ‘ಆಫೀಸ್’ ಎಂಬ ಒಂದೇ ಯೂಸರ್ ಹೆಸರು ಮಾಡಿ ಎಲ್ಲರೂ ಅದನ್ನೇ ಬಳಸುವುದು. ಯಾರಾದರೂ ಕೆಲಸ ಬಿಟ್ಟರೆ ಪಾಸ್‌ವರ್ಡ್ ಬದಲಿಸಿ. ರೂಟರಿನಲ್ಲಿ ಈ ಪೋರ್ಟನ್ನು ಹೊರಗಿನ ಇಂಟರ್ನೆಟ್‌ಗೆ ತೆರೆಯಬೇಡಿ. ಮನೆಯಿಂದಲೂ ಬೇಕು ಎಂದರೆ ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕ್‌ಗೆ ಭದ್ರವಾಗಿ ಸೇರುವ ದಾರಿ) ಹಾಕಿಸಿ.

ಬ್ರೌಸರಿನಲ್ಲಿ ಆ ಕಂಪ್ಯೂಟರಿನ ವಿಳಾಸ ಮತ್ತು 5232 ಹಾಕಿದರೆ ರಾಡಿಕೇಲ್ ಪುಟ ಬರುತ್ತದೆ. ಲಾಗಿನ್ ಆಗಿ, ನೀವು ಶುದ್ಧ ಮಾಡಿಟ್ಟ ವಿಕಾರ್ಡ್ ಫೈಲನ್ನು ಅಲ್ಲೇ ಅಪ್‌ಲೋಡ್ ಮಾಡಿ. ಪಟ್ಟಿ ತಯಾರು.

ಇನ್ನು ಪ್ರತಿ ಕಂಪ್ಯೂಟರಿನಲ್ಲೂ ಥಂಡರ್‌ಬರ್ಡ್‌ನ ಅಡ್ರೆಸ್ ಬುಕ್ ತೆರೆಯಿರಿ. ‘ನ್ಯೂ ಅಡ್ರೆಸ್ ಬುಕ್’ ಪಕ್ಕದ ಬಾಣ ಒತ್ತಿ ‘ಆಡ್ ಕಾರ್ಡ್‌ಡ್ಯಾವ್ ಅಡ್ರೆಸ್ ಬುಕ್’ ಆರಿಸಿ. ಯೂಸರ್ ಹೆಸರು ಮತ್ತು ಸರ್ವರ್ ವಿಳಾಸ ಕೊಡಿ, ಪಾಸ್‌ವರ್ಡ್ ಹಾಕಿ. ಸಿಕ್ಕ ಪಟ್ಟಿಗೆ ಟಿಕ್ ಹಾಕಿ ಮುಂದುವರಿಯಿರಿ. ಅಷ್ಟೇ.

ಈಗ ಪರೀಕ್ಷೆ ಮಾಡಿ. ಒಂದು ಕಂಪ್ಯೂಟರಿನಲ್ಲಿ ಹೊಸ ಹೆಸರು ಸೇರಿಸಿ. ಇನ್ನೊಂದರಲ್ಲಿ ಆ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಸಿಂಕ್ರೊನೈಸ್’ ಒತ್ತಿ. ಹೆಸರು ಕಾಣಬೇಕು. ಒತ್ತದಿದ್ದರೂ ತಾನಾಗಿ ಬರುತ್ತದೆ. ಸಾಮಾನ್ಯವಾಗಿ 30 ನಿಮಿಷಕ್ಕೊಮ್ಮೆ. ಪಟ್ಟಿಯ ಪ್ರಾಪರ್ಟೀಸ್‌ನಲ್ಲಿ ಇದನ್ನು ಕಡಿಮೆ ಮಾಡಿಕೊಳ್ಳಬಹುದು. ಅಲ್ಲೇ ‘ರೀಡ್ ಓನ್ಲಿ’ ಎಂಬ ಆಯ್ಕೆಯೂ ಇದೆ. ವಿಳಾಸ ನೋಡುವುದಷ್ಟೇ ಕೆಲಸ ಇರುವವರಿಗೆ ಅದನ್ನು ಹಾಕಿಕೊಟ್ಟರೆ ಅವರು ಕೈತಪ್ಪಿ ಅಳಿಸುವ ಭಯ ಇಲ್ಲ.

ಒಂದು ಕೊರತೆ ಇದೆ. ಥಂಡರ್‌ಬರ್ಡ್‌ನ ‘ಮೇಲಿಂಗ್ ಲಿಸ್ಟ್’ಗಳು, ಅಂದರೆ ಒಂದೇ ಹೆಸರಿನಡಿ ಹತ್ತಾರು ವಿಳಾಸ ಸೇರಿಸಿಟ್ಟುಕೊಳ್ಳುವುದು, ಕಾರ್ಡ್‌ಡ್ಯಾವ್ ಪಟ್ಟಿಯಲ್ಲಿ ಮಾಡಲು ಬರುವುದಿಲ್ಲ. ಅವನ್ನು ಪ್ರತಿಯೊಬ್ಬರೂ ತಮ್ಮ ಪರ್ಸನಲ್ ಅಡ್ರೆಸ್ ಬುಕ್‌ನಲ್ಲೇ ಇಟ್ಟುಕೊಳ್ಳಬೇಕು.

ಫೋನಿಗೂ ಇದೇ ಪಟ್ಟಿ ತರಬಹುದು. ಐಫೋನಿನ ಸೆಟ್ಟಿಂಗ್ಸ್‌ನಲ್ಲೇ ಕಾರ್ಡ್‌ಡ್ಯಾವ್ ಅಕೌಂಟ್ ಸೇರಿಸುವ ಜಾಗ ಇದೆ. ಆಂಡ್ರಾಯ್ಡ್‌ಗೆ ‘ಡೇವ್‌ಎಕ್ಸ್5’ ಎಂಬ ಆಪ್ ಬೇಕು.

ನ್ಯಾಸ್‌ಗೆ ಉಳಿಯುವ ಕೆಲಸ

ನ್ಯಾಸ್ ಇನ್ನೂ ಬೇಕು, ಬ್ಯಾಕಪ್‌ಗೆ. ವಾರಕ್ಕೊಮ್ಮೆ ಹಂಚಿಕೊಂಡ ಪಟ್ಟಿಯನ್ನು ವಿಕಾರ್ಡ್ ಆಗಿ ಎಕ್ಸ್‌ಪೋರ್ಟ್ ಮಾಡಿ, ತಾರೀಕು ಹಾಕಿ ನ್ಯಾಸ್‌ನಲ್ಲಿ ಇಡಿ. ಹಳೆಯದರ ಮೇಲೆ ಉಳಿಸಬೇಡಿ. ಪ್ರತಿ ಸಲ ಹೊಸ ಫೈಲು. ಕಾರ್ಡ್‌ಡ್ಯಾವ್‌ನಲ್ಲಿ ಒಬ್ಬರು ಹೆಸರು ಅಳಿಸಿದರೆ ಎಲ್ಲರ ಕಡೆಯೂ ಅಳಿಸುತ್ತದೆ, ಅದನ್ನು ಮರೆಯಬೇಡಿ. ಸಿಂಕ್ ಬೇರೆ, ಬ್ಯಾಕಪ್ ಬೇರೆ.

ಪ್ರೊಫೈಲನ್ನೂ ಬ್ಯಾಕಪ್ ಮಾಡುವುದಾದರೆ ಥಂಡರ್‌ಬರ್ಡ್ ಮುಚ್ಚಿದ ಮೇಲೆ ಇಡೀ ಫೋಲ್ಡರನ್ನು ಕಾಪಿ ಮಾಡಿ. ನ್ಯಾಸ್‌ನ ಸ್ನ್ಯಾಪ್‌ಶಾಟ್ ಆಫ್ ಆಗಿದ್ದರೆ ಇವತ್ತೇ ಆನ್ ಮಾಡಿಸಿ. ಆಗಾಗ ಒಂದು ಬ್ಯಾಕಪ್ ವಿಕಾರ್ಡನ್ನು ಬೇರೆ ಅಡ್ರೆಸ್ ಬುಕ್ ಆಗಿ ಇಂಪೋರ್ಟ್ ಮಾಡಿ, ಹೆಸರುಗಳು ಪೂರ್ತಿ ಬಂದಿವೆಯಾ, ಕನ್ನಡ ಸರಿಯಾಗಿ ಕಾಣುತ್ತಿದೆಯಾ ನೋಡಿ. ನೋಡಿಯಾದ ಮೇಲೆ ಆ ಪರೀಕ್ಷೆಯ ಪಟ್ಟಿಯನ್ನು ತೆಗೆದುಬಿಡಿ.

ನ್ಯಾಸ್‌ನಲ್ಲಿದ್ದ ಹಳೆಯ ಪ್ರೊಫೈಲ್ ಫೋಲ್ಡರಿನ ಹೆಸರನ್ನು ‘ಹಳೆಯದು-ಬಳಸಬೇಡಿ’ ಎಂದು ಬದಲಿಸಿ. ಹಳೆಯ ಶಾರ್ಟ್‌ಕಟ್ ಉಳಿದಿರುವ ಯಾವ ಕಂಪ್ಯೂಟರೂ ಆಮೇಲೆ ಅದನ್ನು ತೆರೆಯಲಾರದು. ಒಂದೆರಡು ತಿಂಗಳು ಹಾಗೇ ಇರಲಿ. ಬಿಟ್ಟುಹೋದ ಹೆಸರು ಯಾರಿಗೂ ನೆನಪಾಗದಿದ್ದರೆ ಆಮೇಲೆ ಅಳಿಸಿ.